ದಾರಿ ಮತ್ತು ಸುದ್ದಿ: ವಿಪತ್ತಿನ ಮೊದಲ ದಿನಗಳಲ್ಲಿ ಸೇನಾ ಎಂಜಿನಿಯರರು



ಮಲೆನಾಡಿನ ಹೊಳೆಗಳ ಮೇಲಿನ ಸೇತುವೆಗಳನ್ನು ಕೆಳಗಿಳಿದು ನೋಡಿದರೆ, ಅನೇಕ ಕಡೆ ಪಕ್ಕದ ಗೋಡೆಗೆ ಕ್ಲಾಂಪು ಹಾಕಿ ಬಿಗಿದ ಕೊಳವೆಯೊಂದು ಕಾಣುತ್ತದೆ. ಅದರೊಳಗೆ ಆಪ್ಟಿಕಲ್ ಫೈಬರ್ ಕೇಬಲ್ ಹಾದುಹೋಗಿರುತ್ತದೆ. ಹೊಳೆ ದಾಟಿಸಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಹಾಗೆ ಕಟ್ಟಿದವರನ್ನು ದೂರುವಂತೆಯೂ ಇಲ್ಲ. ಆದರೆ ನೆರೆ ಬಂದು ಆ ಸೇತುವೆಯನ್ನು ಎಳೆದುಕೊಂಡು ಹೋದರೆ, ಆಚೆ ದಡದ ಊರಿಗೆ ಹೋಗುವ ದಾರಿಯೂ ಅಲ್ಲಿಂದ ಬರುವ ಸುದ್ದಿಯೂ ಒಂದೇ ಗಳಿಗೆಯಲ್ಲಿ ಕಡಿದುಹೋಗುತ್ತವೆ. ಆಚೆ ಎಷ್ಟು ಜನ ಸಿಕ್ಕಿಕೊಂಡಿದ್ದಾರೆ, ಯಾರಿಗೆ ಗಾಯವಾಗಿದೆ, ಯಾವ ಮನೆ ನಿಂತಿದೆ ಎಂಬುದು ಜಿಲ್ಲಾ ಕೇಂದ್ರದಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ತಿಳಿಯದೆ ಕಳಿಸಿದ ನೆರವು ಬೇಡದ ಕಡೆ ರಾಶಿ ಬೀಳುತ್ತದೆ, ಬೇಕಾದ ಕಡೆ ತಲುಪುವುದಿಲ್ಲ.

ಇಂದು ನಾನು ವಾದಿಸಹೊರಟಿರುವುದು ಇಷ್ಟು. ವಿಪತ್ತಿನ ಮೊದಲ ಎರಡು ಮೂರು ದಿನಗಳಲ್ಲಿ ದಾರಿ ತೆರೆಯುವುದೂ ಸುದ್ದಿ ಮುಟ್ಟಿಸುವುದೂ ಒಂದೇ ಕೆಲಸ. ಸೇನೆಯ ಎಂಜಿನಿಯರರು ಅದನ್ನು ಒಂದೇ ಕೆಲಸವೆಂದು ತಿಳಿದೇ ಹೊರಡುತ್ತಾರೆ. ನಮ್ಮ ಜಿಲ್ಲಾಡಳಿತಗಳಲ್ಲಿ ಮಾತ್ರ ಅದು ಇಂದಿಗೂ ಎರಡು ಇಲಾಖೆಗಳ ಎರಡು ಕಡತಗಳಾಗಿ ಉಳಿದಿದೆ. ಸೇನೆಯಿಂದ ನಾವು ಪಡೆಯಬೇಕಾದುದು ತುರ್ತಿನಲ್ಲಿ ಸಿಗುವ ನೆರವಷ್ಟೇ ಅಲ್ಲ. ಅವರು ಕೆಲಸಕ್ಕೆ ಸಿದ್ಧರಾಗುವ ಕ್ರಮವನ್ನೂ ಕಲಿಯಬೇಕು.

ಬೆಂಗಳೂರಿನವರಿಗೆ ಈ ಮಾತು ದೂರದ್ದೇನಲ್ಲ. ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ದಿನವೂ ಸಾವಿರಾರು ಜನ ಬಸ್ಸಿನಲ್ಲಿ ಅದರ ಕಾಂಪೌಂಡು ದಾಟಿ ಹೋಗುತ್ತಾರೆ. ಒಳಗೆ ಕಲಿಸುವ ವಿದ್ಯೆ ಏನೆಂದು ತಿಳಿದವರು ಕಡಿಮೆ. 1780ರಲ್ಲಿ, ಹೈದರಾಲಿಯೊಂದಿಗೆ ಎರಡನೆಯ ಯುದ್ಧ ನಡೆಯುತ್ತಿದ್ದಾಗ, ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ಕಟ್ಟಿದ ಪಯೋನಿಯರ್ ತುಕಡಿಗಳು ಇದರ ಮೂಲ. ಪಡೆಯ ಮುಂದೆ ನಡೆದು ದಾರಿ ಕಡಿಯುವುದು, ಹೊಳೆಗೆ ಸೇತುವೆ ಹಾಕುವುದು, ಕೋಟೆಗೋಡೆಗೆ ಸುರಂಗ ತೋಡುವುದು ಅವರ ಪಾಲಿನ ಕೆಲಸ. ಮುಳ್ಳುತಂತಿಯ ಬೇಲಿ ಸೀಳಲು ಜಗತ್ತಿನ ಅನೇಕ ಸೇನೆಗಳು ಬಳಸಿದ 'ಬ್ಯಾಂಗಲೂರ್ ಟಾರ್ಪಿಡೊ' ಹುಟ್ಟಿದ್ದೂ 1912ರಲ್ಲಿ ಇದೇ ಪಡೆಯ ಅಧಿಕಾರಿಯೊಬ್ಬರ ಕೈಯಲ್ಲಿ. ಹುಟ್ಟಿದ್ದು ಯುದ್ಧಕ್ಕಾಗಿ, ಸಂಶಯವಿಲ್ಲ. ಆದರೆ ಅಡ್ಡಿ ಸರಿಸುವುದು, ಇಲ್ಲದ ದಾರಿಯನ್ನು ಉಂಟುಮಾಡುವುದು ಎಂಬ ಆ ವಿದ್ಯೆಯೇ ಭೂಕುಸಿತದ ಮುಂದೆ ನಿಂತಾಗಲೂ ಬೇಕಾಗುತ್ತದೆ.

ಈಗ ಅಷ್ಟಾಗಿ ನೆನಪಿನಲ್ಲಿಲ್ಲದ ಒಂದು ಸಂಗತಿಯೂ ಇದೆ. 20ನೇ ಶತಮಾನದ ಮೊದಲ ದಶಕದವರೆಗೆ ಭಾರತದ ಸೇನೆಯಲ್ಲಿ ಸಂದೇಶ ಸಾಗಿಸುವ ಹೊಣೆಯೂ ಸೇನಾ ಎಂಜಿನಿಯರರಾದ ಸ್ಯಾಪರ್‌ಗಳದೇ ಆಗಿತ್ತು. ದಾರಿ ಮಾಡುತ್ತ ಹೋದವರೇ ಅದರ ಪಕ್ಕದಲ್ಲಿ ತಂತಿಯನ್ನೂ ಎಳೆಯುತ್ತಿದ್ದರು. 1911ರ ಫೆಬ್ರುವರಿ 15ರಂದು ಸಿಗ್ನಲ್ಸ್ ಎಂಬ ಬೇರೆಯ ವಿಭಾಗ ಹುಟ್ಟಿತು. ತಂತ್ರಜ್ಞಾನ ಬೆಳೆದಂತೆ ಕೆಲಸ ಕವಲೊಡೆಯುವುದು ಸಹಜ; ವೈರ್‌ಲೆಸ್ ಬಂದ ಮೇಲೆ ಅದಕ್ಕೇ ಪಳಗಿದವರು ಬೇಕಾದರು. ಹೀಗೆ ಕವಲೊಡೆದ ಮೇಲೂ ಸೇನೆಯಲ್ಲಿ ಎರಡೂ ವಿಭಾಗಗಳು ಒಂದೇ ಆಜ್ಞೆಯ ಕೆಳಗೆ, ಒಂದೇ ಹೊತ್ತಿಗೆ ಹೊರಡುತ್ತವೆ. ವಿಪತ್ತಿಗೆಂದು ಕಳಿಸುವ 'ಎಂಜಿನಿಯರ್ ಟಾಸ್ಕ್ ಫೋರ್ಸ್' ಹೊರಟರೆ ಅದರ ಜೊತೆ ರೇಡಿಯೊ ಸೆಟ್ಟು, ಬ್ಯಾಟರಿ, ಅದನ್ನು ಬಳಸಬಲ್ಲವರು ಇದ್ದೇ ಇರುತ್ತಾರೆ. ತನ್ನ ಹಿಂದಿನವರೊಡನೆ ಮಾತು ಕಡಿದುಕೊಂಡ ತುಕಡಿ ಎಷ್ಟೇ ಚೆನ್ನಾಗಿ ಸೇತುವೆ ಕಟ್ಟಿದರೂ ಅದರಿಂದ ಅರ್ಧ ಉಪಯೋಗ ಮಾತ್ರ ಎಂಬುದು ಅಲ್ಲಿ ಯಾರಿಗೂ ಹೇಳಿಕೊಡಬೇಕಾದ ಪಾಠವಲ್ಲ.

ಒಂದು ನಿದರ್ಶನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜಾರಿಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗಡಿಯಾಚೆ ದುಡಿಯಲು ಹೋಗಿ ನೆಲೆಸಿದ್ದ ನಮ್ಮ ಚಾಮರಾಜನಗರ, ಮಂಡ್ಯ ಕಡೆಯ ಕುಟುಂಬಗಳವರೂ ಅವರಲ್ಲಿದ್ದರು. ಚೂರಲ್‌ಮಲದಲ್ಲಿ ಹೊಳೆಯ ಮೇಲಿದ್ದ ಸೇತುವೆ ಕೊಚ್ಚಿಹೋಗಿ ಮುಂಡಕ್ಕೈ ಪೂರ್ತಿ ಪ್ರತ್ಯೇಕವಾಯಿತು. ಕೆಸರು, ಬಂಡೆ, ಬುಡಸಮೇತ ಬಂದ ಮರಗಳ ರಾಶಿಯ ಕೆಳಗೆ ಮನೆಗಳಿದ್ದವು. ಅವನ್ನು ಬಗೆಯಲು ಬೇಕಾದ ಹಿಟಾಚಿ, ಜೆಸಿಬಿಗಳು ಈಚೆ ದಡದಲ್ಲಿ ನಿಂತಿದ್ದವು. ಹಗ್ಗ ಹಿಡಿದು ಮನುಷ್ಯ ದಾಟಬಹುದು, ಸ್ಟ್ರೆಚರನ್ನೂ ದಾಟಿಸಬಹುದು. ಇಪ್ಪತ್ತು ಟನ್ನಿನ ಯಂತ್ರ ಹಗ್ಗದ ಮೇಲೆ ದಾಟುವುದಿಲ್ಲ.

ಮದ್ರಾಸ್ ಎಂಜಿನಿಯರ್ ಗ್ರೂಪಿನ ತಂಡ ಮೊದಲು ಜನ ದಾಟಲು ತಾತ್ಕಾಲಿಕ ಕಾಲುಸೇತುವೆ ಹಾಕಿತು. ಆಮೇಲೆ ಬೈಲಿ ಸೇತುವೆ. ಅದರ ಬಿಡಿಭಾಗಗಳು ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೂ, ಬೆಂಗಳೂರಿನಿಂದ ರಸ್ತೆಯ ಮೇಲೂ ಬಂದವು. ಕಣ್ಣೂರಿನಿಂದ ಘಟ್ಟ ಹತ್ತಿ ಬರುವ ಲಾರಿಗಳ ಸಾಲು, ಸುರಿಯುವ ಮಳೆ, ತುಂಬಿದ ಹೊಳೆ, ಲಾರಿ ತಿರುಗಿಸಲೂ ಜಾಗವಿಲ್ಲದ ಇಕ್ಕಟ್ಟಿನ ರಸ್ತೆ. ಸ್ಥಳದಲ್ಲಿ ಕೆಲಸದ ಮುಂದಾಳತ್ವ ವಹಿಸಿದವರಲ್ಲಿ ಮೇಜರ್ ಸೀತಾ ಶೆಳ್ಕೆ ಒಬ್ಬರು. ಆಗಸ್ಟ್ 1ರ ಸಂಜೆಯ ಹೊತ್ತಿಗೆ 190 ಅಡಿ ಉದ್ದದ, 24 ಟನ್ ವರ್ಗದ ಸೇತುವೆ ಸಿದ್ಧವಾಗಿತ್ತು. ಆಂಬುಲೆನ್ಸೂ ಯಂತ್ರಗಳೂ ದಾಟಿದವು.

ಇದನ್ನು ಪತ್ರಿಕೆಗಳು ಸಾಹಸವೆಂದು ಬರೆದವು. ಸಾಹಸ ಹೌದು. ರಾತ್ರಿಯಿಡೀ ಮಳೆಯಲ್ಲಿ ಕಬ್ಬಿಣ ಹೊತ್ತವರಿಗೆ ಆ ಮಾತು ಸಲ್ಲಲೇಬೇಕು. ಆದರೆ ಸಾಹಸವೆಂದು ಹೇಳಿ ನಿಲ್ಲಿಸಿದರೆ ನಾವು ಕಲಿಯುವಂಥದ್ದು ಏನೂ ಉಳಿಯುವುದಿಲ್ಲ. ಆ ಸೇತುವೆ ಅಷ್ಟು ಬೇಗ ಏಕೆ ಎದ್ದಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅದರ ರಚನೆಯಲ್ಲಿ.

ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಎಂಜಿನಿಯರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ರೂಪಿಸಿದ. 1941ರಲ್ಲಿ ಪರೀಕ್ಷೆಯಾಗಿ ಬಳಕೆಗೆ ಬಂತು. ಇದರ ಮೂಲ ಘಟಕ 10 ಅಡಿ ಉದ್ದ, ಸುಮಾರು 5 ಅಡಿ ಎತ್ತರದ ಉಕ್ಕಿನ ಚೌಕಟ್ಟು. ಅದಕ್ಕೆ ಪ್ಯಾನೆಲ್ ಎನ್ನುತ್ತಾರೆ. ತೂಕ ಸುಮಾರು 260 ಕಿಲೋ. ಈ ತೂಕವನ್ನು ಗೊತ್ತುಮಾಡಿದ್ದು ಲೆಕ್ಕವಿಟ್ಟೇ: ಆರು ಜನ ಸೇರಿದರೆ ಹೊರಬೇಕು, ಕ್ರೇನು ಕಾಯುವಂತಾಗಬಾರದು. ಒಂದು ಪ್ಯಾನೆಲ್ಲಿನ ತುದಿಗೆ ಇನ್ನೊಂದರ ತುದಿಯನ್ನು ಕೂಡಿಸಿ ಉಕ್ಕಿನ ಪಿನ್ನು ಹೊಡೆದರೆ ಇಪ್ಪತ್ತು ಅಡಿಯ ತೊಲೆಯಾಯಿತು. ಮತ್ತೊಂದು ಸೇರಿಸಿದರೆ ಮೂವತ್ತು. 190 ಅಡಿ ಎಂದರೆ ಹತ್ತೊಂಬತ್ತು ಅಂಕಣ. ಭಾರ ಹೆಚ್ಚಬೇಕೆಂದರೆ ಪ್ಯಾನೆಲ್ಲುಗಳನ್ನು ಪಕ್ಕಕ್ಕೆ ಪಕ್ಕ ಜೋಡಿಸಿ ಎರಡು ಪದರ, ಮೂರು ಪದರ ಮಾಡುತ್ತಾರೆ. ಇನ್ನೂ ಬೇಕೆಂದರೆ ಒಂದರ ಮೇಲೊಂದು ಅಂತಸ್ತು ಏರಿಸುತ್ತಾರೆ. ಎರಡು ಬದಿಯ ತೊಲೆಗಳ ನಡುವೆ ಅಡ್ಡತೊಲೆ, ಅದರ ಮೇಲೆ ಉದ್ದ ಪಟ್ಟಿಗಳು, ಅದರ ಮೇಲೆ ಹಲಗೆ. ಯಾವ ಕಾರ್ಖಾನೆಯಲ್ಲಿ ತಯಾರಾದ ಪ್ಯಾನೆಲ್ಲಾದರೂ ಯಾವುದರ ಜೊತೆಗಾದರೂ ಕೂಡಬೇಕು. ದೆಹಲಿಯಿಂದ ಬಂದದ್ದಕ್ಕೆ ಬೆಂಗಳೂರಿನಿಂದ ಬಂದದ್ದು ಹೊಂದಿದ್ದು ಈ ಕಟ್ಟಳೆಯಿಂದ.

ಹೊಳೆಯೊಳಗೆ ಕಾಲಿಡದೆ ಇದನ್ನು ಆಚೆ ದಡಕ್ಕೆ ತಳ್ಳುವ ಉಪಾಯ ಇನ್ನೂ ಸೊಗಸಾದದ್ದು. ಈಚೆ ದಡದಲ್ಲಿ ರೋಲರ್‌ಗಳನ್ನು ನೆಟ್ಟು ಅವುಗಳ ಮೇಲೆಯೇ ಸೇತುವೆ ಜೋಡಿಸುತ್ತಾರೆ. ಮುಂಭಾಗಕ್ಕೆ ಹಲಗೆಯಿಲ್ಲದ, ಬರೀ ಅಸ್ಥಿಪಂಜರದಂಥ ಹಗುರವಾದ ಮೂತಿಯೊಂದನ್ನು ಸೇರಿಸುತ್ತಾರೆ. ನಮ್ಮ ಬಾವಿಯ ಏತದಲ್ಲಿ ಹಿಂದಿನ ಭಾರ ಮುಂದಿನ ತುದಿಯನ್ನು ಎತ್ತಿ ಹಿಡಿಯುವಂತೆ, ಇಲ್ಲಿ ಹಿಂದಿನ ಭಾಗದ ಭಾರ ಮೂತಿಯನ್ನು ಗಾಳಿಯಲ್ಲಿ ಹಿಡಿದಿರುತ್ತದೆ. ಎಲ್ಲರೂ ಸೇರಿ ತಳ್ಳಿದಂತೆ ಮೂತಿ ಹೊಳೆಯ ಮೇಲೆ ಚಾಚುತ್ತ ಹೋಗುತ್ತದೆ. ತನ್ನದೇ ಭಾರಕ್ಕೆ ಅದು ಬಾಗುವುದು ಸಹಜವಾದ್ದರಿಂದ ತುದಿಯನ್ನು ಮೊದಲೇ ಸ್ವಲ್ಪ ಮೇಲ್ಮುಖವಾಗಿ ಕೂಡಿಸಿರುತ್ತಾರೆ. ಆಚೆ ದಡ ಮುಟ್ಟುವ ಹೊತ್ತಿಗೆ ಅದು ರೋಲರಿನ ಮೇಲೆ ಕೂರುತ್ತದೆ. ಆಮೇಲೆ ಮೂತಿಯನ್ನು ಕಳಚಿ, ಜಾಕಿನಿಂದ ಸೇತುವೆಯನ್ನು ಇಳಿಸಿ ನೆಲೆಗೊಳಿಸುತ್ತಾರೆ. ಭಾರದ ಮಧ್ಯಬಿಂದು ರೋಲರಿನಿಂದ ಮುಂದಕ್ಕೆ ಜಾರಿದರೆ ಇಡೀ ಸೇತುವೆ ಮುಗ್ಗರಿಸಿ ಹೊಳೆಗೆ ಬೀಳುತ್ತದೆ. ಆದ್ದರಿಂದ ತಳ್ಳುವ ಪ್ರತಿ ಹೆಜ್ಜೆಗೂ ಲೆಕ್ಕವಿದೆ, ಕೂಗಿ ಹೇಳುವವನೊಬ್ಬನಿದ್ದಾನೆ, ಅವನ ಮಾತಿಗೆ ಎಲ್ಲರೂ ನಿಲ್ಲುತ್ತಾರೆ.

ವಯನಾಡಿನಲ್ಲಿ ಕೆಲಸ ಮಾಡಿದ ತತ್ತ್ವಗಳು ಕಣ್ಣಿಗೆ ಕಾಣುವಂತಿವೆ. ಒಂದಕ್ಕೊಂದು ಹೊಂದುವ ಭಾಗಗಳು ಉಗ್ರಾಣದಲ್ಲಿ ಮೊದಲೇ ಇದ್ದವು. ಅವನ್ನು ಜೋಡಿಸುವ ಕೈಗಳು ಶಾಂತಿಕಾಲದಲ್ಲಿ ಅದನ್ನೇ ನೂರಾರು ಸಲ ಮಾಡಿ ಪಳಗಿದ್ದವು. ಯಾರ ಮಾತು ಅಂತಿಮ ಎಂಬುದರ ಬಗ್ಗೆ ಸ್ಥಳದಲ್ಲಿ ಚರ್ಚೆ ನಡೆಯಲಿಲ್ಲ. ಸೇತುವೆಯ ವಿನ್ಯಾಸವನ್ನು ಆ ರಾತ್ರಿ ಯಾರೂ ಹೊಸದಾಗಿ ಯೋಚಿಸಬೇಕಾಗಿರಲಿಲ್ಲ; ಯೋಚಿಸಬೇಕಾದದ್ದು ಆ ದಡ, ಆ ಮಣ್ಣು, ಆ ಉದ್ದಕ್ಕೆ ಬೇಕಾದ ಹೊಂದಾಣಿಕೆಯನ್ನು ಮಾತ್ರ. 2021ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ಋಷಿಗಂಗೆ ಉಕ್ಕಿ ರೈಣಿ ಗ್ರಾಮದ ಸೇತುವೆ ಹೋಗಿ ಗಡಿಯಂಚಿನ ಹಳ್ಳಿಗಳು ಕಡಿದುಹೋದಾಗ, ಗಡಿ ರಸ್ತೆ ಸಂಸ್ಥೆ ಅಲ್ಲಿ 200 ಅಡಿಯ ಬೈಲಿ ಸೇತುವೆ ಹಾಕಿತು. ಅದಕ್ಕೆ ವಾರಗಳೇ ಹಿಡಿದವು. ದಡಗಳನ್ನೇ ಹೊಸದಾಗಿ ಕಟ್ಟಬೇಕಾದ ಜಾಗ ಅದು. ಭಾಗಗಳು ಒಂದೇ ಆದರೂ ನೆಲ ಬೇರೆಯಾದರೆ ಕಾಲವೂ ಬೇರೆ. ಎಲ್ಲೆಡೆಯೂ ಎರಡೇ ದಿನದಲ್ಲಿ ಸೇತುವೆ ಏಳುತ್ತದೆ ಎಂಬ ನಿರೀಕ್ಷೆ ತಪ್ಪು.

ಈಗ ಸುದ್ದಿಯ ಕಡೆಗೆ ಬರೋಣ. ಸೇತುವೆಗೆ ಬೈಲಿ ಒದಗಿಸಿದಂಥ ಪರಿಹಾರ ಸಂಪರ್ಕಕ್ಕೆ ಇನ್ನೂ ಪೂರ್ತಿಯಾಗಿ ಒದಗಿಲ್ಲ. ಹಾಗಾಗಿ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ.

ಮೊಬೈಲ್ ನಮ್ಮ ಕೈಯಲ್ಲಿರುವುದರಿಂದ ಅದು ಸ್ವತಂತ್ರ ಸಾಧನವೆಂಬ ಭಾವನೆ ನಮಗಿದೆ. ವಾಸ್ತವದಲ್ಲಿ ನಮ್ಮ ಕರೆ ಗಾಳಿಯಲ್ಲಿ ಹೋಗುವುದು ಹತ್ತಿರದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಅದು ಫೈಬರ್ ಕೇಬಲ್ಲಿನಲ್ಲೋ ಮೈಕ್ರೋವೇವ್ ಕೊಂಡಿಯಲ್ಲೋ ಸಾಗಬೇಕು. ಟವರ್ ನಡೆಯಲು ವಿದ್ಯುತ್ ಬೇಕು. ಕರೆಂಟು ಹೋದರೆ ಬ್ಯಾಟರಿ ಕೆಲವು ಗಂಟೆ, ಅದೂ ಇಳಿದರೆ ಡೀಸೆಲ್ ಜನರೇಟರ್. ಡೀಸೆಲ್ ತರಬೇಕಾದ ದಾರಿಯೇ ಕುಸಿದಿದ್ದರೆ ಟವರ್ ನಿಂತೇ ಇದ್ದರೂ ಮಾತಾಡುವುದಿಲ್ಲ. ಇದೆಲ್ಲ ಉಳಿದರೂ ಇನ್ನೊಂದು ತೊಡಕಿದೆ: ಸುದ್ದಿ ಕೇಳಿ ಗಾಬರಿಯಾದ ನೆಂಟರು, ಸ್ನೇಹಿತರು, ಹೊರರಾಜ್ಯದಲ್ಲಿರುವ ಮಕ್ಕಳು ಎಲ್ಲರೂ ಒಂದೇ ಸಲಕ್ಕೆ ಕರೆ ಮಾಡುತ್ತಾರೆ, ಜಾಲ ಕಟ್ಟಿಕೊಳ್ಳುತ್ತದೆ. ಕಷ್ಟದಲ್ಲಿರುವವನ ಕರೆ ಆ ನೂಕುನುಗ್ಗಲಿನಲ್ಲಿ ಸಿಕ್ಕಿಬೀಳುತ್ತದೆ.

ವಯನಾಡಿನಲ್ಲಿ ಬಿಎಸ್‌ಎನ್‌ಎಲ್ ಸಿಬ್ಬಂದಿ ಚೂರಲ್‌ಮಲದ ಟವರನ್ನು ಜನರೇಟರಿನಿಂದ ನಡೆಸಿ, 4ಜಿ ಸೇವೆಯನ್ನೂ ಒದಗಿಸಿದರು. ಸೇತುವೆ ಕಟ್ಟಿದವರ ಚಿತ್ರಗಳು ಎಲ್ಲೆಡೆ ಬಂದವು. ಟವರಿನ ಬುಡದಲ್ಲಿ ಡೀಸೆಲ್ ಕ್ಯಾನು ಹಿಡಿದು ನಿಂತವರ ಚಿತ್ರ ಹೆಚ್ಚು ಬರಲಿಲ್ಲ. ಯಾವ ಮನೆಯವರು ಆ ರಾತ್ರಿ ಎಲ್ಲಿದ್ದರು, ಎಲ್ಲಿ ಬಗೆಯಬೇಕು ಎಂದು ಗೊತ್ತುಮಾಡಿಕೊಳ್ಳಲು ನೆರೆಹೊರೆಯವರೊಡನೆ ಮಾತಾಡಲೇಬೇಕು. ಸೇತುವೆ ದಾಟಿದ ಯಂತ್ರ ಎಲ್ಲಿಗೆ ಹೋಗಬೇಕೆಂದು ತಿಳಿಸುವುದು ಆ ಮಾತೇ.

ಸೇನೆಯ ಸಿಗ್ನಲ್ಸ್ ವಿಭಾಗ ಸಂಪರ್ಕವನ್ನು ಯಾವತ್ತೂ ಒಂದೇ ಸಾಧನಕ್ಕೆ ಕಟ್ಟಿಹಾಕುವುದಿಲ್ಲ. ಹತ್ತಿರದ ಮಾತಿಗೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟು. ಇದರ ಅಲೆ ನೇರ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ; ಕಣಿವೆಯಲ್ಲಿ ಕೆಲಸ ಮಾಡಬೇಕಾದರೆ ಎತ್ತರದ ತುದಿಯಲ್ಲಿ ಅದನ್ನು ಹಿಡಿದು ಮುಂದೆ ದಾಟಿಸುವ ರಿಪೀಟರ್ ಒಂದನ್ನು ಇರಿಸಬೇಕು. ದೂರಕ್ಕೆ ಉಪಗ್ರಹ ಫೋನು ಮತ್ತು ವಿಸ್ಯಾಟ್ ಎಂಬ ಉಪಗ್ರಹ ಸಂಪರ್ಕದ ತಟ್ಟೆ. ಇವೆರಡರ ನಡುವೆ ಹಳೆಯ ಎಚ್‌ಎಫ್ ರೇಡಿಯೊ ಇದೆ. ಅದನ್ನು ಮ್ಯೂಸಿಯಂ ವಸ್ತುವೆಂದು ತಿಳಿದವರಿದ್ದಾರೆ. ಘಟ್ಟದ ನಾಡಿಗೆ ಅದರಷ್ಟು ಒಪ್ಪುವ ಸಾಧನ ಕಡಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಮಾರು 20 ಮೀಟರ್ ತಂತಿಯನ್ನು ಎರಡು ಮರಗಳ ನಡುವೆ ನೆಲಕ್ಕೆ ಸಮಾನಾಂತರವಾಗಿ, ಹೆಚ್ಚು ಎತ್ತರವಿಲ್ಲದಂತೆ ಕಟ್ಟಿದರೆ ಅಲೆಗಳು ಹೆಚ್ಚಾಗಿ ನೆತ್ತಿಯ ಕಡೆಗೇ ಹೋಗುತ್ತವೆ. ಮೇಲಿನ ಅಯಾನುಗೋಳ ಅವನ್ನು ಹಿಂದಕ್ಕೆ ಬೀಳಿಸುತ್ತದೆ. ಅವು ಸುತ್ತಲಿನ ನೂರಾರು ಕಿಲೋಮೀಟರಿನ ಮೇಲೆ ಮಳೆಯಂತೆ ಇಳಿಯುತ್ತವೆ. ನಡುವೆ ಎಷ್ಟು ಗುಡ್ಡವಿದ್ದರೂ ತಡೆಯಿಲ್ಲ, ಏಕೆಂದರೆ ಅಲೆ ಗುಡ್ಡವನ್ನು ಹಾಯಬೇಕಾಗಿಯೇ ಇಲ್ಲ. ಹಗಲು 7 ಮೆಗಾಹರ್ಟ್ಸ್ ಆಸುಪಾಸು, ರಾತ್ರಿ ಅದರ ಅರ್ಧ. ಕಾರಿನ 12 ವೋಲ್ಟ್ ಬ್ಯಾಟರಿ ಸಾಕು. ಟವರೂ ಬೇಡ, ಕೇಬಲ್ಲೂ ಬೇಡ.

ಈ ವಿದ್ಯೆ ಸೇನೆಯ ಹೊರಗೂ ಜೀವಂತವಾಗಿದೆ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ಹ್ಯಾಮ್ (ಹವ್ಯಾಸಿ) ರೇಡಿಯೊ ಸಂಸ್ಥೆಯ ತಂಡವೊಂದು ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರಿಗೆ ಹೋಗಿತ್ತು. ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತಾಡುವುದು ಆ ಪ್ರಯಾಣದ ಉದ್ದೇಶ. 26ರ ಬೆಳಿಗ್ಗೆ ಭೂಕಂಪವೂ ಸುನಾಮಿಯೂ ಬಂದವು, ದ್ವೀಪಗಳ ದೂರವಾಣಿ ಸತ್ತಿತು. ಹವ್ಯಾಸಕ್ಕೆಂದು ಒಯ್ದ ಆ ಸೆಟ್ಟುಗಳೇ ದ್ವೀಪಕ್ಕೂ ಮುಖ್ಯ ಭೂಭಾಗಕ್ಕೂ ನಡುವಿನ ಸುದ್ದಿಯ ದಾರಿಯಾದವು; ಸಂಬಂಧಿಕರ ಕ್ಷೇಮ ಕೇಳಿದ ಸಾವಿರಾರು ಜನರಿಗೆ ಉತ್ತರ ಹೋದದ್ದು ಅಲ್ಲಿಂದ. ಬೆಂಗಳೂರಿನಲ್ಲೂ ಹ್ಯಾಮ್ ಹವ್ಯಾಸಿಗಳ ಸಂಘಗಳು ದಶಕಗಳಿಂದ ಇವೆ. ಪರವಾನಗಿಗೆ ಪರೀಕ್ಷೆಯಿದೆ, ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದು ಕಷ್ಟವೇನಲ್ಲ. ಈ ಸಭೆಯಲ್ಲಿರುವ ಕಿರಿಯರನ್ನು ಉದ್ದೇಶಿಸಿಯೇ ಇದನ್ನು ಹೇಳುತ್ತಿದ್ದೇನೆ.

ಸಾಧನಕ್ಕಿಂತ ಹೆಚ್ಚಿನದು ಶಿಸ್ತು. ರೇಡಿಯೊ ಜಾಲದಲ್ಲಿ ಒಂದು ನಿಲಯ ನಿಯಂತ್ರಕವಾಗಿರುತ್ತದೆ. ಅದು ಕರೆದಾಗ ಮಾತ್ರ ಉಳಿದವು ಮಾತಾಡುತ್ತವೆ. ಸಂದೇಶ ಎಲ್ಲಿಂದ, ಎಷ್ಟು ಗಂಟೆಗೆ, ಯಾರಿಗೆ, ಎಷ್ಟು ತುರ್ತು ಎಂಬುದನ್ನು ಬರೆದಿಡುತ್ತಾರೆ. ತಲುಪಿತು ಎಂಬ ಉತ್ತರ ಬರುವವರೆಗೆ ಆ ಸಂದೇಶ ಮುಗಿದಂತಲ್ಲ. 2018ರ ಕೇರಳದ ನೆರೆಯಲ್ಲಿ ವಾಟ್ಸ್‌ಆ್ಯಪ್ ಸಾವಿರಾರು ಜೀವ ಉಳಿಸಲು ನೆರವಾಯಿತು. ಅದೇ ವಾಟ್ಸ್‌ಆ್ಯಪಿನಲ್ಲಿ, ರಕ್ಷಿಸಿ ಆಗಿದ್ದ ಮನೆಗಳ ಮೊರೆಯೂ ಗಂಟೆಗಟ್ಟಲೆ ಸುತ್ತುತ್ತಿತ್ತು. ಬರೆದ ಗಂಟೆ ಇಲ್ಲದ, ಕೊನೆಗೊಂಡದ್ದು ತಿಳಿಯದ ಸಂದೇಶ ದೋಣಿಯನ್ನು ತಪ್ಪು ಮನೆಗೆ ಕಳಿಸುತ್ತದೆ. ಜನರ ಉತ್ಸಾಹಕ್ಕೆ ಈ ಶಿಸ್ತು ಕೂಡಿದರೆ ಅದಕ್ಕಿಂತ ದೊಡ್ಡ ಬಲವಿಲ್ಲ.

ಸರ್ಕಾರದ ಕಡೆಯಿಂದ ಕೆಲವು ಒಳ್ಳೆಯ ಹೆಜ್ಜೆಗಳು ಆಗಿವೆ. ಒಂದು ಕಂಪನಿಯ ಟವರ್ ಬಿದ್ದಾಗ ಅದರ ಗ್ರಾಹಕ ಇನ್ನೊಂದು ಕಂಪನಿಯ ಟವರ್ ಬಳಸುವ ವ್ಯವಸ್ಥೆಯನ್ನು ಇತ್ತೀಚಿನ ಚಂಡಮಾರುತಗಳಲ್ಲಿ ತೆರೆದರು. ವಾಹನದ ಮೇಲೆ ಕೂರಿಸಿದ ಟವರ್‌ಗಳಿವೆ. 2023ರಲ್ಲಿ ನಮ್ಮೆಲ್ಲರ ಫೋನು ಒಮ್ಮೆಲೇ ಕಿರುಚಿ ಪರೀಕ್ಷಾ ಸಂದೇಶ ತೋರಿಸಿದ್ದು ನೆನಪಿರಬಹುದು. ನಂಬರು ಹುಡುಕದೆ ಒಂದು ಟವರಿನ ಕೆಳಗಿರುವ ಎಲ್ಲ ಫೋನಿಗೂ ಒಟ್ಟಿಗೆ ತಲುಪುವ ಎಚ್ಚರಿಕೆ ಅದು. ಜಾಲ ಎಷ್ಟೇ ಕಟ್ಟಿಕೊಂಡಿದ್ದರೂ ಹೋಗುತ್ತದೆ. ಆದರೆ ಇವೆಲ್ಲಕ್ಕೂ ಎಲ್ಲೋ ಒಂದು ಕಡೆ ಉಸಿರಾಡುತ್ತಿರುವ ಟವರ್ ಬೇಕು, ವಾಹನ ಬರಲು ರಸ್ತೆ ಬೇಕು. ಕೊನೆಗೆ ಮಾತು ಮತ್ತೆ ದಾರಿಗೇ ಬಂದು ನಿಲ್ಲುತ್ತದೆ.

ಹೊರದೇಶದ ಅನುಭವವೂ ಇದನ್ನೇ ತೋರಿಸಿದೆ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಗೆ ಬಡಿದಾಗ ಲಕ್ಷಾಂತರ ದೂರವಾಣಿಗಳೂ ಸಾವಿರಕ್ಕೂ ಹೆಚ್ಚು ಮೊಬೈಲ್ ಟವರ್‌ಗಳೂ ನಿಂತವು. ಪೊಲೀಸರ, ಅಗ್ನಿಶಾಮಕದವರ, ಸೈನಿಕರ ರೇಡಿಯೊಗಳು ಬೇರೆಬೇರೆ ಬಗೆಯವಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲಿಲ್ಲ. ಅಲ್ಲಿನ ಸೇನೆಯ ಎಂಜಿನಿಯರ್ ದಳ ಒಡೆದ ಒಡ್ಡುಗಳನ್ನು ಮುಚ್ಚಿ, ವಾರಗಟ್ಟಲೆ ಪಂಪು ನಡೆಸಿ ನ್ಯೂ ಆರ್ಲಿಯನ್ಸ್‌ನ ನೀರನ್ನು ಅಕ್ಟೋಬರಿನ ಹೊತ್ತಿಗೆ ಹೊರಹಾಕಿತು. ಉಪಗ್ರಹ ಸಂಪರ್ಕ ಹೊತ್ತ ನಿಯಂತ್ರಣ ವಾಹನಗಳನ್ನು ಆ ದಳ ಎಂಜಿನಿಯರರೊಂದಿಗೇ ಕಳಿಸುತ್ತದೆ. ಹಣವಂತ ದೇಶದಲ್ಲೂ ಎಡವಿದ್ದು ಬೇರೆಬೇರೆ ಇಲಾಖೆಗಳ ಸಾಧನಗಳು ಒಂದಕ್ಕೊಂದು ಕೂಡದ ಜಾಗದಲ್ಲೇ. ಬೈಲಿ ಪ್ಯಾನೆಲ್ಲಿಗೆ ಇರುವ ಗುಣ ರೇಡಿಯೊಗಳಿಗೆ ಇರಲಿಲ್ಲ.

ಒಂದು ಆಕ್ಷೇಪಕ್ಕೆ ಇಲ್ಲಿ ಉತ್ತರ ಹೇಳಬೇಕು. ಪ್ರತಿ ವಿಪತ್ತಿಗೂ ಸೇನೆಯನ್ನು ಕರೆಯುವುದು ಸರಿಯೇ ಎಂದು ಆಡಳಿತದ ಬಗ್ಗೆ ಆಳವಾಗಿ ಯೋಚಿಸಿದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಹೊಣೆಯನ್ನು ನಾಗರಿಕ ಆಡಳಿತದ ಮೇಲೆ ಇಟ್ಟಿದೆ. ಜಿಲ್ಲಾ ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿ. ವಿಪತ್ತಿಗೆಂದೇ ಮೀಸಲಾದ ರಾಷ್ಟ್ರೀಯ ಪಡೆ ಎನ್‌ಡಿಆರ್‌ಎಫ್ 2006ರಿಂದ ಇದೆ. ಸೇನೆ ಬರುವುದು ನಾಗರಿಕ ಆಡಳಿತ ಕೇಳಿದಾಗ, ಅದರ ಶಕ್ತಿ ಮೀರಿದಾಗ. ಕೆಲಸ ಮುಗಿದೊಡನೆ ಹೊರಡುವುದು ಅದರ ಕ್ರಮ. ಗಡಿ ಕಾಯಲೆಂದು ಇರುವವರನ್ನು ರೂಢಿಯಾಗಿ ಕರೆಯುತ್ತ ಹೋದರೆ ನಮ್ಮ ಲೋಕೋಪಯೋಗಿ ಇಲಾಖೆ, ಅಗ್ನಿಶಾಮಕ ದಳ, ಪಂಚಾಯಿತಿ ಯಾವುದೂ ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಯುವುದಿಲ್ಲ. ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಹಾಗಾಗಿಯೇ ಸೇನೆಯ ಕ್ರಮವನ್ನು ನಮ್ಮ ಜಿಲ್ಲೆಗಳಿಗೆ ತಂದುಕೊಳ್ಳಬೇಕೆಂದು ಹೇಳುತ್ತಿರುವುದು.

ಸೇನಾ ಎಂಜಿನಿಯರಿಂಗಿಗೆ ತನ್ನದೇ ಮಿತಿಯೂ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಮಣ್ಣು, ವಾಹನ, ಮನುಷ್ಯರೆಲ್ಲ ಗಂಗಾವಳಿಗೆ ಬಿದ್ದಾಗ ಬೆಳಗಾವಿಯಿಂದ ಸೇನೆಯ ತಂಡ ಬಂತು, ನೌಕಾದಳದ ಮುಳುಗುಗಾರರು ಬಂದರು, ನೆಲದಾಳ ನೋಡುವ ಉಪಕರಣಗಳು ಬಂದವು. ನದಿಯ ಸೆಳೆತದ ಮುಂದೆ ಎಲ್ಲರೂ ಕೈಕಟ್ಟಿ ನಿಲ್ಲಬೇಕಾಯಿತು. ನದಿಯಲ್ಲಿ ಮುಳುಗಿದ್ದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜರ್ ತಂದ ಮೇಲೆ. ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿ ರಸ್ತೆ ಅಗಲಿಸಿದ ಕಡೆಗಳಲ್ಲಿ ಮಳೆಗಾಲದಲ್ಲಿ ಏನಾದೀತೆಂಬುದನ್ನು ಲೆಕ್ಕ ಹಾಕಬೇಕಾದದ್ದು ರಸ್ತೆ ವಿನ್ಯಾಸದ ಮೇಜಿನ ಮೇಲೆ. ಆ ಲೆಕ್ಕ ತಪ್ಪಿದ ಮೇಲೆ ಯಾವ ಸ್ಯಾಪರನೂ ಅದನ್ನು ಸರಿಪಡಿಸಲಾರ. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ನಿಜಾಮರು ವಿಶ್ವೇಶ್ವರಯ್ಯನವರನ್ನು ಕರೆಸಿದ್ದು ಹೆಣ ಎತ್ತಲಿಕ್ಕಲ್ಲ. ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯನ್ನೇ ಹಿಡಿದಿಡುವ ಯೋಜನೆಗೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಯೋಚನೆಯ ಫಲ. ಸೇನಾ ಎಂಜಿನಿಯರನ ಗಡಿಯಾರ ಗಂಟೆಗಳನ್ನು ಎಣಿಸುತ್ತದೆ, ವಿಶ್ವೇಶ್ವರಯ್ಯನವರಂಥವರದು ದಶಕಗಳನ್ನು. ಎರಡೂ ಬೇಕು, ಆದರೆ ಮೊದಲನೆಯದನ್ನು ಹೊಗಳುವ ಭರದಲ್ಲಿ ಎರಡನೆಯದಕ್ಕೆ ರಜೆ ಕೊಡಬಾರದು.

ಹಾಗಿದ್ದರೆ ನಮ್ಮ ಘಟ್ಟದ ಜಿಲ್ಲೆಗಳಲ್ಲಿ ಏನಾಗಬೇಕು? 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಮಡಿಕೇರಿ-ಸಂಪಾಜೆ ದಾರಿ ಮುಚ್ಚಿತು, ಕರೆಂಟು ಹೋಯಿತು, ಫೋನು ನಿಂತಿತು. ಜನ ಗುಡ್ಡದ ನೆತ್ತಿಯಲ್ಲಿ ರಾತ್ರಿ ಕಳೆದರು. ಅವರಿರುವ ಜಾಗವನ್ನು ಕೆಳಗಿನವರಿಗೆ ತಿಳಿಸಿದ್ದು ಬಹುಪಾಲು ಕಾಲುದಾರಿ ಬಲ್ಲ ಊರಿನ ಹುಡುಗರು. ಸೇನೆ ಬರುವ ಮೊದಲಿನ ಗಂಟೆಗಳು ಯಾವತ್ತೂ ಊರಿನವರವೇ. ಆ ಗಂಟೆಗಳಿಗೆ ಸಿದ್ಧತೆ ಬೇಕಾದದ್ದು ತಾಲ್ಲೂಕ್ ಮಟ್ಟದಲ್ಲಿ: ತಹಶೀಲ್ದಾರ್ ಕಚೇರಿಯಲ್ಲಿ ಒಂದು ಎಚ್‌ಎಫ್ ಸೆಟ್ಟು ಮತ್ತು ಅದನ್ನು ತಿಂಗಳಿಗೊಮ್ಮೆಯಾದರೂ ಆನ್ ಮಾಡಿ ಮಾತಾಡುವ ಸಿಬ್ಬಂದಿ; ಕಣಿವೆಗಳಿಗೆ ಮುಖ ಮಾಡಿದ ತುದಿಗಳಲ್ಲಿ ಸೌರಫಲಕದಿಂದ ನಡೆಯುವ ರಿಪೀಟರ್; ಪೊಲೀಸ್, ಅರಣ್ಯ, ಅಗ್ನಿಶಾಮಕ, ವಿದ್ಯುತ್ ಕಂಪನಿಗಳ ವೈರ್‌ಲೆಸ್ಸುಗಳಿಗೆಲ್ಲ ತಿಳಿದಿರುವ ಒಂದು ಸಾಮಾನ್ಯ ಚಾನೆಲ್ಲು. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಬೇಕಾದದ್ದು ಇಲಾಖೆಗಳು ಒಂದು ಮೇಜಿನ ಸುತ್ತ ಕೂರುವುದು.

ಸೇತುವೆಯ ಕಡೆಯಲ್ಲಿ, ಲೋಕೋಪಯೋಗಿ ಇಲಾಖೆ ಬೈಲಿ ಮಾದರಿಯ ಒಂದೆರಡು ಪೂರ್ತಿ ಸೆಟ್ಟುಗಳನ್ನು ಘಟ್ಟದ ಮೇಲೊಂದು, ಕೆಳಗೊಂದು ಕಡೆ ಇಟ್ಟುಕೊಳ್ಳಬೇಕು. ಕೋಲ್ಕತ್ತದ ಸರ್ಕಾರಿ ಹಡಗು ಕಾರ್ಖಾನೆಯೇ ಇವನ್ನು ತಯಾರಿಸುತ್ತದೆ, ಹೊರದೇಶಕ್ಕೆ ಕೈಯೊಡ್ಡಬೇಕಾಗಿಲ್ಲ. ಸೆಟ್ಟು ಇದ್ದರೆ ಸಾಲದು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಒಂದು ಹಳ್ಳದ ಮೇಲೆ ನಿಜವಾಗಿಯೂ ತಳ್ಳಿ ನಿಲ್ಲಿಸಿ, ಮತ್ತೆ ಕಳಚಿಡಬೇಕು. ಅಭ್ಯಾಸಕ್ಕೆ ಹಲಸೂರಿನ ಗುರುಗಳಿಂದಲೇ ತರಬೇತಿ ಕೇಳಬಹುದು. ಎಂಜಿನಿಯರಿಂಗ್ ಕಾಲೇಜುಗಳ ಎನ್‌ಸಿಸಿ ಹುಡುಗ ಹುಡುಗಿಯರನ್ನು ಅದರಲ್ಲಿ ಸೇರಿಸಿಕೊಂಡರೆ, ಲೆಕ್ಕದ ಪುಸ್ತಕದಲ್ಲಿ ಓದಿದ ಭಾರದ ಮಧ್ಯಬಿಂದು ಅವರ ಕೈಗೂ ಹೆಗಲಿಗೂ ಅರ್ಥವಾಗುತ್ತದೆ.

ಕೊನೆಯದಾಗಿ ಸಾಮಾನ್ಯವಾಗಿ ಯಾರೂ ಚರ್ಚಿಸದ ಒಂದು ಹಂತದ ಬಗ್ಗೆ ಹೇಳಬೇಕು, ಅದು ಹಸ್ತಾಂತರ. ಬೈಲಿ ಸೇತುವೆ ತಾತ್ಕಾಲಿಕ. ಆದರೆ ನಮ್ಮಲ್ಲಿ ತಾತ್ಕಾಲಿಕವಾದದ್ದು ವರ್ಷಗಟ್ಟಲೆ ನಿಲ್ಲುತ್ತದೆ, ಅದರ ಮೇಲೆ ಮರಳಿನ ಲಾರಿಗಳು ಓಡುತ್ತವೆ. ಸೈನಿಕರು ಹೊರಟ ಮೇಲೆ ಅದರ ಪಿನ್ನುಗಳಿಗೆ ತುಕ್ಕು ಹಿಡಿದಿದೆಯೇ, ಬೋಲ್ಟುಗಳು ಸಡಿಲವಾಗಿವೆಯೇ, ಹಲಗೆ ಸವೆದಿದೆಯೇ, ದಡದ ಮಣ್ಣು ಕೊರೆಯುತ್ತಿದೆಯೇ ಎಂದು ನೋಡಬೇಕಾದವರು ಯಾರೆಂಬುದು ಕಾಗದದ ಮೇಲೆ ಇರಬೇಕು. ಸೇತುವೆಯ ಎರಡೂ ತುದಿಯಲ್ಲಿ ಅದರ ಭಾರದ ಮಿತಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಬೇಕು. ತುರ್ತಿಗೆಂದು ತಂದ ರೇಡಿಯೊ, ಜನರೇಟರ್‌ಗಳ ವಿಷಯವೂ ಹಾಗೆಯೇ. ಪ್ರತಿ ವರ್ಷ ಮೇ ತಿಂಗಳ ಎರಡನೆಯ ವಾರದಲ್ಲಿ, ಮುಂಗಾರು ಕೇರಳ ಮುಟ್ಟುವ ಮೊದಲು, ಜಿಲ್ಲಾಧಿಕಾರಿಗಳ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಇರಲಿ: ಯಾವ ಟವರಿನ ಬ್ಯಾಟರಿ ಎಷ್ಟು ಗಂಟೆ ತಡೆಯುತ್ತದೆ, ಯಾವ ಜನರೇಟರಿನಲ್ಲಿ ಡೀಸೆಲ್ ಇದೆ, ಯಾವ ತಾತ್ಕಾಲಿಕ ಸೇತುವೆಯನ್ನು ಯಾರು ನೋಡಿ ಬಂದರು, ಯಾವ ತಾಲ್ಲೂಕಿನ ಸೆಟ್ಟಿನಿಂದ ಆ ತಿಂಗಳು ಉತ್ತರ ಬರಲಿಲ್ಲ. ಉತ್ತರ ಬಾರದ ತಾಲ್ಲೂಕಿಗೆ ಆ ವಾರವೇ ಒಬ್ಬರನ್ನು ಕಳಿಸಲಿ.